ಕಾಗದ ಹರೀಲಿಲ್ವಲ್ಲ?

ನಮ್ಮ ಮನೆಗೆ ಮೊದಲು ಬಂದದ್ದು ಬೋರ್ಡು, ಆಮೇಲೆ ನಾಯಿ. ಮೈಸೂರಿನಲ್ಲಿ ಮನೆ ಕಟ್ಟಿಸಿದ ಹೊಸತರಲ್ಲಿ ಗೇಟಿಗೊಂದು ಬೀಗ ತರೋಣವೆಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬೀಗದ ಜೊತೆಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ತಗಡನ್ನೂ ಸುತ್ತಿ ಕೊಟ್ಟ. “ನಮ್ಮನೇಲಿ ನಾಯಿ ಇಲ್ವಲ್ಲಪ್ಪ” ಅಂದೆ. “ಬೋರ್ಡಿದ್ರೆ ಸಾಕು ಸಾರ್, ನಾಯಿಗೆ ಹಾಕೋ ಅನ್ನ ಉಳೀತು” ಅಂದ. ಎರಡು ವರ್ಷ ಆ ತಗಡು ಒಂಟಿಯಾಗಿಯೇ ಮನೆ ಕಾಯಿತು. ಆಮೇಲೊಂದು ದಿನ ಮಗಳು ಬೀದಿಯಲ್ಲಿ ಕುಂಯ್‌ಗುಡುತ್ತಿದ್ದ ಮರಿಯೊಂದನ್ನು ಎತ್ತಿಕೊಂಡು ಬಂದಳು, ಬೋರ್ಡು ನಿಜವಾಯಿತು.

ಹೋದ ಮಳೆಗಾಲದ ಮಾತು. ನಮ್ಮ ಬೀಟಿಗೆ ಹೊಸದಾಗಿ ಬಂದ ಪೋಸ್ಟಿನ ಹುಡುಗಿ ಗೇಟಿನ ಹೊರಗೇ ನಿಂತು “ಪೋಸ್ಟ್” ಎಂದು ಕೂಗಿದಳು. ಸ್ಕೂಟರು, ಹೆಲ್ಮೆಟ್ಟು, ಹಿಂದಿನ ಸೀಟಿಗೆ ಕಟ್ಟಿದ ಪಾರ್ಸಲ್ಲುಗಳು, ಕೈಯಲ್ಲಿ ಮೊಬೈಲು. ಆಕೆಯ ಹುದ್ದೆಯ ಹೆಸರು ಈಗಲೂ ‘ಪೋಸ್ಟ್‌ಮನ್’ ಎಂದೇ. “ಒಳಗೆ ಬಾಮ್ಮ” ಅಂದೆ.

“ನಾಯಿ ಸಾರ್.”

“ಏನೂ ಮಾಡಲ್ಲ ಅದು.”

ನಾಯಿ ಸಾಕಿದವರಿಗೆಲ್ಲ ಬಾಯಿಪಾಠವಾಗಿರುವ ಮಾತು ಇದು. ನಾಯಿಯನ್ನು ಕೇಳಿ ಹೇಳಿದವರು ಯಾರೂ ಇಲ್ಲ. ಹುಡುಗಿ ನಕ್ಕಳು. “ನಾಯಿ ಇದೆ ಅಂತ ಬೋರ್ಡಲ್ಲಿ ಬರ್ದಿದೀರ ಸಾರ್. ಕಟ್ಟಿದೀರೋ ಇಲ್ವೋ ಬರ್ದಿಲ್ಲ” ಅಂದಳು.

ನಾನೇ ಗೇಟಿಗೆ ಹೋದೆ. ಮೊಬೈಲಿನ ಗಾಜಿನ ಮೇಲೆ ಬೆರಳಿನಿಂದ ಕೋಳಿ ಕೆದರಿದ ಹಾಗೆ ಸಹಿ ಹಾಕಿ, ಸ್ಪೀಡ್ ಪೋಸ್ಟ್ ಕವರು ಹಿಡಿದು ಒಳಗೆ ಬಂದೆ. ಕವರಿನಲ್ಲಿ ಏನಿತ್ತೋ ಈಗ ಮರೆತಿದೆ. ಆಗ ನೆನಪಾದವರು ಮಾತ್ರ ನಮ್ಮ ಅಜ್ಜಯ್ಯ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ಮೂರು ಮೈಲಿ. ಊರೆಂದರೆ ಒಂದು ಗುಡ್ಡಕ್ಕೆ ಒಂದು ಮನೆ. ಒಂದು ಮನೆಯ ದೀಪ ಇನ್ನೊಂದು ಮನೆಗೆ ಕಂಡರೆ ‘ಪಕ್ಕದ ಮನೆ’ ಎನ್ನುವ ಲೆಕ್ಕ. ಇಷ್ಟಕ್ಕೂ ಒಬ್ಬನೇ ಪೋಸ್ಟಿನವನು, ಮಕ್ಕಳಿಗೆಲ್ಲ ಪೋಸ್ಟಣ್ಣ. ಬಸ್ಸಿನಲ್ಲಿ ಬಂದ ಅರಗಿನ ಮೊಹರಿನ ಚೀಲವನ್ನು ಯಾರದೋ ಜಗುಲಿಯಲ್ಲಿದ್ದ ಬ್ರಾಂಚಾಫೀಸಿಗೆ ಮುಟ್ಟಿಸಿ, ಅಲ್ಲಿ ಕಾಗದ ವಿಂಗಡಿಸಿಕೊಂಡು, ಗುಡ್ಡ ಹತ್ತಿ ಇಳಿದು ಮನೆಮನೆಗೆ ಕೊಡಬೇಕು. ಆಗುಂಬೆ ಸೀಮೆಯ ಮಳೆ ವರ್ಷಕ್ಕೆ 7,000 ಮಿಲಿಮೀಟರು ದಾಟುತ್ತದೆ ಎಂದು ಭೂಗೋಳದ ಪುಸ್ತಕದಲ್ಲಿ ಓದಿ ನಾವು ಹೆಮ್ಮೆಪಡುತ್ತಿದ್ದೆವು. ಅದು ಬೀಳುತ್ತಿದ್ದುದು ಪೋಸ್ಟಣ್ಣನ ತಲೆಯ ಮೇಲೆ.

ಅವನಿಗೊಂದು ಕಂಬಳಿಕೊಪ್ಪೆ, ಒಂದು ಕೊಡೆ. ಕಾಗದಗಳನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ಖಾಕಿ ಚೀಲಕ್ಕೆ ತುಂಬಿ, ಚೀಲವನ್ನು ಎದೆಗವಚಿಕೊಂಡು ಮೇಲೆ ಕೊಪ್ಪೆ ಹೊದೆಯುತ್ತಿದ್ದ. ನಮ್ಮ ತೋಟದ ಕೆಳಗಿನ ಹಳ್ಳಕ್ಕೊಂದು ಕಾಲುಸಂಕ ಇತ್ತು. ಎರಡು ಅಡಿಕೆಮರದ ಕಾಂಡ ಜೋಡಿಸಿ ಹಾಕಿದ್ದು, ಹಿಡಿದುಕೊಳ್ಳಲು ಒಂದು ಬಿದಿರಗಳು. ಆಷಾಢದಲ್ಲಿ ಕಾಂಡದ ಮೇಲೆ ಹಾವಸೆ ಕಟ್ಟಿ ಎಣ್ಣೆ ಸವರಿದ ಹಾಗಾಗುತ್ತಿತ್ತು. ಕೆಳಗೆ ಕೆಂಪು ನೀರು. ಜಗುಲಿಯ ಮೇಲೆ ಕೂತು ನೋಡುತ್ತಿದ್ದ ನನಗೆ ಅವನು ಸಂಕ ದಾಟುವ ಕ್ರಮ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ದಡದಲ್ಲಿ ನಿಂತು ಚಪ್ಪಲಿ ಕಳಚಿ ಕಂಕುಳಿಗೆ ಸಿಕ್ಕಿಸುವುದು, ಕೊಡೆ ಮಡಚಿ ಬೆನ್ನಿನ ಕಡೆ ಅಂಗಿಯೊಳಗೆ ಇಳಿಬಿಡುವುದು, ಚೀಲವನ್ನು ಎದೆಯಿಂದ ತಲೆಯ ಮೇಲಕ್ಕೆ ಏರಿಸುವುದು. ಆಮೇಲೆ ಅಡ್ಡಡ್ಡ ಕಾಲಿಟ್ಟು ನಡೆಯುವುದು. ಬಿದ್ದರೆ ತಾನು ಮುಳುಗಿದರೂ ಚೀಲ ಒಂದು ಮೊಳ ಮೇಲಿರಬೇಕೆಂಬ ಲೆಕ್ಕ. ಜಗುಲಿಗೆ ಬಂದು ಕೂತ ಮೇಲೆ ಕಾಲಿನ ಇಂಬಳ ಕೀಳುವ ಕೆಲಸ. ಅಜ್ಜಿ ಸುಣ್ಣದ ಡಬ್ಬಿ ಕೊಡುತ್ತಿದ್ದರು, ಅಮ್ಮ ಬೆಲ್ಲದ ಕಾಫಿ ಕೊಡುತ್ತಿದ್ದಳು. ಅವನ ಕೆಲಸದ ಜಾಗದ ಸುರಕ್ಷತಾ ಕ್ರಮಗಳು ಇವೆರಡೇ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ. 1974ರ ಭೂಸುಧಾರಣೆಯ ಕಾನೂನು ಬಂದು ಮಲೆನಾಡಿನ ಮನೆಮನೆಯಲ್ಲೂ ಟ್ರಿಬ್ಯೂನಲ್ಲಿನದೇ ಮಾತು. ಅಜ್ಜಯ್ಯ ದಿನವೂ ಜಗುಲಿಯಲ್ಲಿ ಕೂತು ರಿಜಿಸ್ಟರ್ಡ್ ನೋಟೀಸಿಗೆ ಕಾಯುತ್ತಿದ್ದರು. ಅದು ಬಂದ ದಿನವೇ ನಮ್ಮ ಕೆಂಚ ಪೋಸ್ಟಣ್ಣನ ಮೀನಖಂಡಕ್ಕೆ ಬಾಯಿ ಹಾಕಿತು. ಆವತ್ತಿನವರೆಗೆ ಅದೂ ‘ಏನೂ ಮಾಡದ’ ನಾಯಿಯೇ. ಕೂಗು ಕೇಳಿ ಎಲ್ಲರೂ ಅಂಗಳಕ್ಕೆ ಓಡಿದೆವು. ಅಜ್ಜಯ್ಯನ ಬಾಯಿಂದ ಹೊರಟ ಮೊದಲ ಮಾತು ಇದು:

“ಕಾಗದ ಹರೀಲಿಲ್ವಲ್ಲ ಮಾರಾಯ?”

ಪೋಸ್ಟಣ್ಣ ಕಾಲು ಹಿಡಿದುಕೊಂಡು ಕೂತಲ್ಲಿಂದಲೇ ಅಂದ: “ಇಲ್ಲ ಅಯ್ಯ. ಕಾಗದ ಚೀಲದಾಗೇ ಇತ್ತು. ಹರಿದಿದ್ದು ಕಾಲು.”

ಅಜ್ಜಯ್ಯ ಕೆಟ್ಟವರಲ್ಲ. ಮರುಕ್ಷಣವೇ ತಾವೇ ಕೊಡಪಾನದಲ್ಲಿ ನೀರು ತಂದು ಗಾಯ ತೊಳೆದರು, ಬಸ್ಸಿನ ದುಡ್ಡು ಕೊಟ್ಟರು. ಆದರೆ ಮೊದಲು ಬಂದ ಮಾತು ಮೊದಲೇ ಬಂದಿತ್ತು.

ಆಗ ನಾಯಿ ಕಡಿತಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2005ರ ಹೊತ್ತಿಗೆ. ಈಗಿನವರು ರಟ್ಟೆಗೆ ನಾಲ್ಕೋ ಐದೋ ಚುಚ್ಚಿಸಿಕೊಂಡು ಮೊಬೈಲು ನೋಡುತ್ತ ಮನೆಗೆ ಬರುತ್ತಾರೆ. ಆಗ ಹದಿನಾಲ್ಕು ದಿನ ತಾಲ್ಲೂಕು ಆಸ್ಪತ್ರೆಗೆ ಅಲೆಯಬೇಕು. ಅಷ್ಟು ದಿನ ಟಪಾಲು ಹಂಚುವವರು ಯಾರು? ಪೋಸ್ಟಣ್ಣ ‘ಇ.ಡಿ.’ ನೌಕರ. ರಜೆ ಬೇಕಾದರೆ ತನ್ನ ಜವಾಬ್ದಾರಿಯ ಮೇಲೆ ಬದಲಿ ಆಳು ಕೊಡಬೇಕು. ಬದಲಿಯವರು ಮಾಡಿದ ತಪ್ಪಿಗೂ ತಾನೇ ತಲೆ ಕೊಡಬೇಕು. ಅವನು ಹೆಂಡತಿಯನ್ನೇ ಕಳಿಸಿದ. ಆಕೆಗೆ ಕನ್ನಡ ಕೂಡಿಸಿ ಓದಲು ಬರುತ್ತಿತ್ತು, ಇಂಗ್ಲಿಷ್ ವಿಳಾಸ ಬರುತ್ತಿರಲಿಲ್ಲ. ನಮ್ಮ ಜಗುಲಿಯಲ್ಲಿ ಚೀಲ ಬಿಚ್ಚಿ “ತಮ್ಮಾ, ಇದ್ಯಾರದ್ದು ಓದು” ಎನ್ನುತ್ತಿದ್ದರು. ನಮ್ಮ ನಾಯಿಯ ಪಾಪಕ್ಕೆ ನಾನು ಮಾಡಿದ ಪ್ರಾಯಶ್ಚಿತ್ತ ಅಷ್ಟೇ. ಅಂಚೆಯ ಗುಟ್ಟು ಹೊರಗಿನವರ ಕಣ್ಣಿಗೆ ಬೀಳಬಾರದೆಂಬ ನಿಯಮವನ್ನು ನಾನು ಹತ್ತು ವರ್ಷ ತುಂಬುವುದರೊಳಗೇ ಮುರಿದವನು.

ಅಂಚೆ ಎಂಬ ಮಾತೇ ಒಂದು ಸೊಗಸು. ಕನ್ನಡ ನಿಘಂಟು ತೆರೆದರೆ ಅಂಚೆಗೆ ಟಪಾಲು ಎಂಬ ಅರ್ಥ ಒಂದು, ಹಂಸ ಎಂಬ ಅರ್ಥ ಇನ್ನೊಂದು. ಹಳಗನ್ನಡದವರಿಗೆ ಅಂಚೆ ಎಂದರೆ ಹಂಸವೇ. ಎರಡು ಶಬ್ದಗಳಿಗೂ ನೆಂಟಸ್ತಿಕೆ ಇರಲಿ ಬಿಡಲಿ, ನಳ ದಮಯಂತಿಯರ ಕಥೆ ಕೇಳಿದವರಿಗೆ ಎರಡೂ ಒಂದೇ ಅನ್ನಿಸಿದರೆ ತಪ್ಪಿಲ್ಲ. ಆ ಕಥೆಯಲ್ಲಿ ನಾವು ಮರೆಯುವ ಒಂದು ಸಂಗತಿ ಇದೆ. ಹಂಸ ತಾನಾಗಿ ಬಂದು ‘ನಿನ್ನ ಓಲೆ ಒಯ್ಯುತ್ತೇನೆ’ ಎನ್ನಲಿಲ್ಲ. ನಳ ಅದನ್ನು ಹಿಡಿದ. ಕೊಲ್ಲಬೇಡ, ನಿನ್ನ ವಿಷಯ ದಮಯಂತಿಗೆ ಹೇಳುತ್ತೇನೆ ಎಂದು ಅದು ಜೀವ ಉಳಿಸಿಕೊಂಡಿತು. ನಮ್ಮ ಮೊದಲ ಅಂಚೆಯದು ಪ್ರಾಣಭಯದ ಕರಾರು. ಸಂಬಳದ ಮಾತು ಅಲ್ಲೆಲ್ಲೂ ಬರುವುದಿಲ್ಲ.

ಹನುಮಂತನ ಪ್ರಸಂಗವೂ ಹಾಗೇ. ದೂತನನ್ನು ಕೊಲ್ಲಬಾರದು ಎಂದು ವಿಭೀಷಣ ನೀತಿ ಹೇಳಿದ. ಲಂಕೆಯ ಸಭೆ ಒಪ್ಪಿತು. ಕೊಲ್ಲಬಾರದು ಎಂದಿತೇ ಹೊರತು ಬಾಲಕ್ಕೆ ಬೆಂಕಿ ಇಡಬಾರದು ಎನ್ನಲಿಲ್ಲ. ನಿಯಮಾವಳಿಗಳೆಲ್ಲ ಹೀಗೆಯೇ, ಅಕ್ಷರಕ್ಕೆ ಊನವಿಲ್ಲ, ಬಾಲಕ್ಕೆ ಮಾತ್ರ ರಕ್ಷಣೆಯಿಲ್ಲ.

ಮೈಸೂರು ಸೀಮೆಯಲ್ಲಿ ಅಂಚೆಯ ಏರ್ಪಾಡು ಮಾಡಿದವರು ಹದಿನೇಳನೆಯ ಶತಮಾನದ ಚಿಕ್ಕದೇವರಾಜ ಒಡೆಯರು. ಸಂಸ್ಥಾನದ ಆ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು, ಹೆಸರು ಮಾತ್ರ ನಮ್ಮಲ್ಲೇ ಉಳಿಯಿತು. ಹಳೆಯ ಅಂಚೆಯವನು ಓಡುತ್ತಿದ್ದ. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಗೆಜ್ಜೆಯ ಸದ್ದಿಗೆ ದಾರಿಯ ಹುಳುಹುಪ್ಪಟೆ ಸರಿಯಲಿ, ಸರಿಯದೆ ಇದ್ದುದಕ್ಕೆ ಈಟಿ ಇರಲಿ ಎಂದು. ನನಗೆ ತಿಳಿದ ಮಟ್ಟಿಗೆ ಪೋಸ್ಟಿನವರ ಜೀವದ ಬಗ್ಗೆ ಯೋಚಿಸಿ ಕೊಟ್ಟ ಮೊದಲ ಸಲಕರಣೆ ಅದು. ಪೋಸ್ಟಣ್ಣನ ಕಾಲಕ್ಕೆ ಈಟಿ ಹೋಗಿ ಕೊಡೆ ಬಂದಿತ್ತು, ನಾಯಿಗಳು ಹಾಗೇ ಉಳಿದಿದ್ದವು.

ದೊಡ್ಡವನಾಗಿ ಕಚೇರಿಯ ಕೆಲಸಕ್ಕೆ ಸೇರಿದ ಮೇಲೆ 1898ರ ಅಂಚೆ ಕಾಯಿದೆಯನ್ನು ಕುತೂಹಲಕ್ಕೆ ಓದಿದೆ. ಓದುತ್ತ ಹೋದ ಹಾಗೆ ಅಜ್ಜಯ್ಯನ ದನಿಯೇ ಕೇಳತೊಡಗಿತು. ಕಾಗದ ಒಯ್ಯುವವನು ಕುಡಿದಿದ್ದರೆ, ಅವನ ಅಜಾಗ್ರತೆಯಿಂದ ಕಾಗದಕ್ಕೆ ಅಪಾಯವಾದರೆ, ದಾರಿಯಲ್ಲಿ ಸುಮ್ಮನೆ ಅಡ್ಡಾಡಿ ತಡಮಾಡಿದರೆ 50 ರೂಪಾಯಿವರೆಗೆ ದಂಡ. ಹೇಳದೆ ಕೇಳದೆ ಕೆಲಸ ಬಿಟ್ಟರೆ ಒಂದು ತಿಂಗಳವರೆಗೆ ಜೈಲು. ಕಾಗದ ಕದ್ದರೆ, ಬಚ್ಚಿಟ್ಟರೆ, ಬಿಸಾಡಿದರೆ ಏಳು ವರ್ಷದವರೆಗೆ. ಎಲ್ಲ ಸರಿಯೇ; ಕಾಗದ ಕದಿಯುವವನನ್ನು ಮುದ್ದು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ‘ಕಾಗದ ಹರೀಲಿಲ್ವಲ್ಲ’ ಎಂಬ ಪ್ರಶ್ನೆ ಕಲಮಿನಿಂದ ಕಲಮಿಗೆ ಬರುತ್ತದೆಯೇ ಹೊರತು, ಒಯ್ಯುವವನ ಕಾಲಿನ ವಿಚಾರಣೆ ಅದರಲ್ಲಿ ಇಲ್ಲ.

ಆರ್.ಕೆ. ನಾರಾಯಣರ ಮಾಲ್ಗುಡಿಯ ಪೋಸ್ಟ್‌ಮನ್ ತಾನಪ್ಪನನ್ನು ಈ ಕಾಯಿದೆಯ ಎದುರು ನಿಲ್ಲಿಸಿ ನೋಡಬೇಕು. ಮನೆಮನೆಯಲ್ಲೂ ಕೂತು ಹರಟೆ ಹೊಡೆಯುವ ಆಸಾಮಿ. ‘ಅಡ್ಡಾಡುವುದು’ ಎಂಬ ಅಪರಾಧ ದಿನಕ್ಕೆ ಹತ್ತು ಸಲ. ಮದುವೆ ನಿಂತುಹೋಗಬಾರದೆಂದು ಸಾವಿನ ತಂತಿಯನ್ನೇ ತಡೆದಿಟ್ಟುಕೊಂಡವನು. ಕಾನೂನಿನ ಕಣ್ಣಿಗೆ ಅದು ಬಚ್ಚಿಡುವುದು. ನಾವು ಓದುಗರು ಒಮ್ಮತದಿಂದ ಅವನನ್ನು ಖುಲಾಸೆ ಮಾಡಿದ್ದೇವೆ. ಶಂಕರ್‌ನಾಗ್ ಆ ಕಥೆಗಳ ಧಾರಾವಾಹಿಯನ್ನು ತೆಗೆದದ್ದು ನಮ್ಮ ಆಗುಂಬೆಯಲ್ಲಿ. ಹಾಗಾಗಿ ತಾನಪ್ಪ ನಮ್ಮ ಪೋಸ್ಟಣ್ಣನ ಪಕ್ಕದ ಬೀಟಿನವನೆಂದೇ ನನ್ನ ನಂಬಿಕೆ. 1898ರ ಕಾಯಿದೆ 2024ರ ಜೂನ್ 18ರಂದು ಅಧಿಕೃತವಾಗಿ ತೀರಿಕೊಂಡಿತು, 2023ರ ಹೊಸ ಕಾಯಿದೆ ಜಾರಿಗೆ ಬಂತು. ಕಾಯಿದೆ ಹುಟ್ಟಿದಾಗ ತಿಂಗಳುಗಟ್ಟಲೆ ಸಂಬಳವಾಗಿದ್ದ ಆ 50 ರೂಪಾಯಿಗೆ, ಅದು ಸಾಯುವಾಗ ಒಂದು ಮಸಾಲೆದೋಸೆ ಸಿಗುವುದೂ ಅನುಮಾನವಿತ್ತು. ಹೊಸದರಲ್ಲಿ ಅಡ್ಡಾಡುವ ಅಪರಾಧ ಇಲ್ಲ. ಇಷ್ಟೊತ್ತೂ ಅಡ್ಡಾಡುತ್ತಿರುವ ಈ ಪ್ರಬಂಧಕ್ಕೂ ಅದರಿಂದ ಅನುಕೂಲವೇ.

ಪೋಸ್ಟಣ್ಣನ ‘ಇ.ಡಿ.’ಗೆ ಬರೋಣ. ಇ.ಡಿ. ಅಂದರೆ ‘ಇಡೀ ದಿನ’ ಎಂದೇ ನಾವು ಹುಡುಗರು ತಿಳಿದಿದ್ದೆವು. ಬೆಳಗ್ಗೆ ಬಸ್ಸಿಗೆ ಹೋದವನು ಸಂಜೆ ದನ ಬರುವ ಹೊತ್ತಿಗೆ ಮನೆ ಸೇರುತ್ತಿದ್ದುದರಿಂದ ಅನುಮಾನಕ್ಕೆ ಕಾರಣವೂ ಇರಲಿಲ್ಲ. ಅದು ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’, ಅಂದರೆ ಇಲಾಖೆಯ ಹೊರಗಿನವನು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕೆಲಸ ಇಲಾಖೆಯ ಒಳಗಿನದು, ಮನುಷ್ಯ ಮಾತ್ರ ಹೊರಗಿನವನು. ಈಗ ಆ ಹೆಸರು ಹೋಗಿ ‘ಗ್ರಾಮೀಣ ಡಾಕ್ ಸೇವಕ’ ಬಂದಿದೆ. ನಿಯಮಗಳ ಧಾಟಿ ಹಾಗೇ ಇದೆ: ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳುವಂತಿಲ್ಲ, 65ರವರೆಗೆ ಇರಬಹುದು, ಜೀವನಕ್ಕೆ ಬೇರೆ ಆದಾಯವಿದೆ ಎಂದು ಸೇವಕರೇ ಬರೆದುಕೊಡಬೇಕು, ಸರ್ಕಾರಿ ನೌಕರರಿಗೆ ಸಮ ಎಂದು ಹೇಳಿಕೊಳ್ಳುವಂತಿಲ್ಲ. ಕೈಗೆ ಬರುವುದಕ್ಕೆ ಸಂಬಳ ಎಂಬ ಹೆಸರಿಲ್ಲ, ಅದು ‘ಭತ್ಯೆ’. ಅಮಾನತು ಮಾಡಿದರೂ ಅಮಾನತು ಎನ್ನುವುದಿಲ್ಲ, ‘ಪುಟ್ ಆಫ್’ ಎನ್ನುತ್ತಾರೆ. ದೀಪ ಆರಿಸಿದ ಹಾಗೆ.

ಹೊರಗಿನವರೆನ್ನುವುದನ್ನು ಇವರು ಸುಮ್ಮನೆ ಒಪ್ಪಿಕೊಂಡಿಲ್ಲ. ಪಿ.ಕೆ. ರಾಜಮ್ಮ ಮೊದಲಾದವರ ಮೊಕದ್ದಮೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಇ.ಡಿ. ನೌಕರರದೂ ನಾಗರಿಕ ಹುದ್ದೆಯೇ ಎಂದಿತು. ಕಾರಣ ಕೇಳದೆ, ವಿಚಾರಣೆ ಮಾಡದೆ ‘ನಾಳೆಯಿಂದ ಬರಬೇಡ’ ಎನ್ನುವಂತಿಲ್ಲ, ಸಂವಿಧಾನದ 311ನೇ ವಿಧಿಯ ರಕ್ಷಣೆ ಇವರಿಗೂ ಉಂಟು ಎಂದು ತೀರ್ಮಾನವಾಯಿತು. ಆ ತೀರ್ಪು ಬಂದಾಗ ಪೋಸ್ಟಣ್ಣ ನಮ್ಮ ಕಾಲುಸಂಕ ದಾಟುತ್ತಲೇ ಇದ್ದ. ಸುದ್ದಿ ಅವನಿಗೆ ಮುಟ್ಟಿತ್ತೋ ಇಲ್ಲವೋ. ಊರಿನವರಿಗೆಲ್ಲ ಸುದ್ದಿ ಮುಟ್ಟಿಸುವವನಿಗೆ ಅವನ ಸುದ್ದಿ ಮುಟ್ಟಿಸುವವರು ಯಾರು?

ಕೇಳದೆ ಇವರಿಗೆ ಏನೂ ಸಿಕ್ಕಿಲ್ಲ. 1946ರ ಜುಲೈಯಲ್ಲಿ ದೇಶದ ಅಂಚೆ ನೌಕರರು ಮುಷ್ಕರ ಹೂಡಿದಾಗ ಅವರ ಬೆಂಬಲಕ್ಕೆ ಇಡೀ ಕಲ್ಕತ್ತೆ ಒಂದು ದಿನ ಬಾಗಿಲು ಹಾಕಿತ್ತು. 2018ರ ಮೇ 22ರಿಂದ ಗ್ರಾಮೀಣ ಡಾಕ್ ಸೇವಕರು ಎರಡು ವಾರಕ್ಕೂ ಮಿಕ್ಕಿ ಚೀಲ ಕೆಳಗಿಟ್ಟರು. ಕಮಲೇಶ್ ಚಂದ್ರ ಸಮಿತಿ 2016ರಲ್ಲೇ ವರದಿ ಕೊಟ್ಟಿದ್ದರೂ ಅದು ಯಾವ ಸಾರ್ಟಿಂಗ್ ಮೇಜಿನ ಮೇಲೆ ಸಿಕ್ಕಿಕೊಂಡಿತ್ತೋ, ಈ ಮುಷ್ಕರದ ಹೊತ್ತಿಗೆ ವಿಳಾಸದಾರರಿಗೆ ತಲುಪಿತು. ಜೂನ್ 6ರಂದು ಕೇಂದ್ರ ಸಂಪುಟ ಒಪ್ಪಿ, ಕಾಗದ ಹಂಚುವ ಸೇವಕರಿಗೆ 4 ಗಂಟೆಯ ಕೆಲಸಕ್ಕೆ ಕನಿಷ್ಠ 10,000, 5 ಗಂಟೆಗೆ 12,000 ರೂಪಾಯಿ ಭತ್ಯೆ ಎಂದಾಯಿತು. ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ದೋಣಿ ಭತ್ಯೆ, ಸೈಕಲ್ ಭತ್ಯೆ ಎಂಬ ಹಳೆಯ ಹೆಸರುಗಳ ನಡುವೆ ಹೊಸದೊಂದು ಸೇರಿತ್ತು: ಅಪಾಯ ಮತ್ತು ಕಷ್ಟದ ಭತ್ಯೆ. ಈ ಕೆಲಸದಲ್ಲಿ ಅಪಾಯ ಎಂಬುದೊಂದು ಇದೆಯೆಂದು ಅವರ ಭತ್ಯೆಯ ಪಟ್ಟಿ ಒಪ್ಪಲು ಇಷ್ಟು ಕಾಲ ಬೇಕಾಯಿತು.

ಹಾಗೆಂದು ಕಾನೂನು ಪೂರಾ ಕುರುಡೆನ್ನಲಾಗದು. ಕೆಲಸದ ಮೇಲೆ ಗಾಯವಾದವರಿಗೆ ಪರಿಹಾರ ಕೊಡಿಸುವ 1923ರ ಕಾಯಿದೆಯ ಅನುಬಂಧದಲ್ಲಿ, ಅಂಚೆ ತಂತಿ ಇಲಾಖೆಯ ಹೊರಾಂಗಣ ಕೆಲಸದವರ ಹೆಸರೂ ಇತ್ತು. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಇವರು ಔಷಧಿ, ಪಿಂಚಣಿ ಹೊತ್ತು ತಿರುಗಿದರು. ಡ್ಯೂಟಿಯ ಮೇಲೆ ಸೋಂಕು ತಗುಲಿ ಸತ್ತರೆ ಡಾಕ್ ಸೇವಕರೂ ಸೇರಿ ಎಲ್ಲ ಅಂಚೆ ನೌಕರರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು 2020ರ ಏಪ್ರಿಲ್‌ನಲ್ಲಿ ಸರ್ಕಾರ ಹೇಳಿತು. ಬರುವುದು ಬರುತ್ತದೆ, ಸತ್ತ ಮೇಲೆ. ಬದುಕಿದ್ದಾಗಿನ ಲೆಕ್ಕಕ್ಕೆ ಸೈಕಲ್ ಭತ್ಯೆ ನೋಡಿ. ಇಲಾಖೆಯ ಪೋಸ್ಟ್‌ಮನ್ನರಿಗೆ ತಿಂಗಳಿಗೆ 90 ರೂಪಾಯಿ ಇತ್ತು. ಏಳನೇ ವೇತನ ಆಯೋಗ ಅದನ್ನು ತೆಗೆದೇಬಿಡಿ ಎಂದಿತ್ತು. ಸರ್ಕಾರ 2017ರಲ್ಲಿ ಉಳಿಸಿಕೊಂಡು ದುಪ್ಪಟ್ಟು ಮಾಡಿತು: 180. ದಿನಕ್ಕೆ 6 ರೂಪಾಯಿ. ಟ್ಯೂಬಿಗೆ ಮುಳ್ಳು ಹೊಕ್ಕ ದಿನ ಪಂಕ್ಚರಿನವನಿಗೆ ಕೈಯಿಂದಲೇ ಕೊಡಬೇಕು.

ಮೊನ್ನೆ ಊರಿಗೆ ಹೋಗಿದ್ದೆ. ಕಾಲುಸಂಕದ ಜಾಗದಲ್ಲಿ ಸಿಮೆಂಟಿನ ಮೋರಿ ಬಂದಿದೆ. ಈಗಿನ ಸೇವಕ ಬೇರೆ ಜಿಲ್ಲೆಯ ಹುಡುಗ, ಎಸ್ಸೆಸ್ಸೆಲ್ಸಿಯ ಅಂಕದ ಮೇಲೆ ಆಯ್ಕೆಯಾಗಿ ಬಂದವನು. ಚೀಲದಲ್ಲಿ ಕಾಗದಕ್ಕಿಂತ ಹೆಚ್ಚಾಗಿ ಮೊಬೈಲು, ಬೆರಳಚ್ಚಿನ ಯಂತ್ರ. ಮುದುಕಿಯರ ಹೆಬ್ಬೆಟ್ಟು ಒತ್ತಿಸಿಕೊಂಡು ಜಗುಲಿಯಲ್ಲೇ ಬ್ಯಾಂಕಿನ ದುಡ್ಡು ಎಣಿಸಿ ಕೊಡುತ್ತಾನೆ. ಮಂಗನ ಕಾಯಿಲೆಯ ಸೀಮೆ ನಮ್ಮದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಅದೇ ಕಾಡಿನ ಹೆಸರನ್ನು ಲೋಕಕ್ಕೆಲ್ಲ ಹಂಚಿದ ಜ್ವರ. ಅದನ್ನು ತರುವುದು ಉಣ್ಣಿ. ಕಾಡುದಾರಿಯಲ್ಲಿ ನಡೆಯುವವರ ಕಾಲೇ ಅದಕ್ಕೆ ವಿಳಾಸ. “ಏನು ಹಚ್ಕೊಳ್ತೀಯಪ್ಪ?” ಅಂತ ಕೇಳಿದೆ. ಆರೋಗ್ಯ ಇಲಾಖೆಯವರು ಎಲ್ಲರಿಗೂ ಹಂಚುವ ಎಣ್ಣೆಯ ಬಾಟಲಿ ತೋರಿಸಿದ. ಅದು ಊರಿನವನಾಗಿ ಸಿಕ್ಕಿದ್ದು. ಪೋಸ್ಟಿನವನಾಗಿ ಸಿಕ್ಕಿದ್ದು ಚೀಲ.

ಪೇಟೆಯ ಪೋಸ್ಟಿನವರ ಕಷ್ಟ ಬೇರೆ. ನಮ್ಮ ಬೀಟಿನ ಹುಡುಗಿಯೇ ಒಂದು ದಿನ ಹೇಳಿದಳು: ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿಯವರಿಗೆ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತಬೇಕು. ಐದನೇ ಮಹಡಿಗೆ ಪಾರ್ಸಲ್ ಹೊತ್ತು ಹೋದರೆ, ಬಾಗಿಲು ತೆರೆದ ಮಹಾಶಯರು ಡಬ್ಬವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, “ಮೂಲೆ ಜಜ್ಜಿಹೋಗಿದೆಯಲ್ರೀ” ಅಂದರಂತೆ. ಏದುಸಿರು ಬಿಡುತ್ತಿದ್ದವಳಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲವಂತೆ. ಅಜ್ಜಯ್ಯ ತೀರಿಕೊಂಡು ನಲವತ್ತು ವರ್ಷವಾಯಿತು. ಅವರು ಕಾಯುತ್ತಿದ್ದ ರಿಜಿಸ್ಟರ್ಡ್ ಪೋಸ್ಟೂ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಲೀನವಾಯಿತು. ಅವರ ಪ್ರಶ್ನೆ ಮಾತ್ರ ಐದನೇ ಮಹಡಿಯಲ್ಲಿ ಆರೋಗ್ಯವಾಗಿದೆ.

ಹುಡುಗಿ ಆ ಮಾತು ಹೇಳಿದ ದಿನವೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗೇಟಿನ ಹೊರಗಡೆ ಹಾಕಲು ಒಂದು ಟಪಾಲು ಡಬ್ಬಿ, ನಾಯಿಗೊಂದು ಸರಪಳಿ, ಪುಟ್ಟ ಡಬ್ಬಿಯಲ್ಲಿ ಬಿಳಿ ಬಣ್ಣ ತಂದೆ. ‘ನಾಯಿ ಇದೆ, ಎಚ್ಚರಿಕೆ’ ಎಂಬುದರ ಕೆಳಗೆ ‘10ರಿಂದ 2ರವರೆಗೆ ಕಟ್ಟಿರುತ್ತದೆ’ ಎಂದು ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಿದೆ. ಡಬ್ಬಿಗೆ ಹಿಡಿಸದ ಪಾರ್ಸಲ್ ಬಂದ ದಿನ ಹುಡುಗಿ ಬೋರ್ಡು ಓದಿ, ಒಮ್ಮೆ ನಾಯಿಯ ಕಡೆ ಇಣುಕಿ, ಗೇಟು ತೆರೆದುಕೊಂಡು ಬಂದಳು. ಆವತ್ತು ನಾನೂ ಅವಳ ಕೈಯ ಪಾರ್ಸಲ್ ನೋಡುವ ಮೊದಲು ಮುಖ ನೋಡಿ “ನೀರು ಕುಡೀತೀಯೇನಮ್ಮ?” ಅಂದೆ. ಕಲಿಯಲು ಅರುವತ್ತು ವರ್ಷ ಹಿಡಿಯಿತು.

ಡಬ್ಬಿ, ಸರಪಳಿ, ಬಣ್ಣ ಎಲ್ಲ ಸೇರಿ ಖರ್ಚು ಏಳುನೂರರೊಳಗೆ. ನಾಯಿ ಸಾಕಿದವರು ಇಷ್ಟು ಮಾಡಿ. ಉಳಿದದ್ದನ್ನು ಸರ್ಕಾರದ ಹತ್ತಿರ ಅವರೇ ಕೇಳಿಕೊಳ್ಳುತ್ತಾರೆ, ಕೇಳಿ ಅಭ್ಯಾಸವಿದೆ.